ಗಿಡ್ಡ ಗ್ಯಾರಂಡ್ ಕಣ್ಣಿಗೆ ಬಿದ್ದರೆ ಅದನ್ನು ನೋಡುವ ಕ್ರಮ

ಮಗಳ ಮನೆ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿಗೆ ಹತ್ತಿರದಲ್ಲಿ. ಕಳೆದ ವರ್ಷ ದೀಪಾವಳಿ ಕಳೆದ ವಾರ ಪಕ್ಕದ ಬೀದಿಯ ಅಜ್ಜಿಯೊಬ್ಬರು ನನ್ನನ್ನು ಕರೆಸಿದರು. ಅವರ ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ ಒಂದು ಕೋವಿಯನ್ನು ಮಲಗಿಸಿದ್ದರು. ತೀರಿಹೋದ ಗಂಡನದು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕಿನ ಸೈನಿಕರಿಗೆಂದೇ ಮಾಡಿದ ಅಪರೂಪದ 'ಟ್ಯಾಂಕರ್ ಗ್ಯಾರಂಡ್' ಅದು ಎಂದು ಮಾರಿದವನು ಹೇಳಿದ್ದನಂತೆ. ಗ್ಯಾರಂಡ್ ಎಂದರೆ ಆ ಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದ ಎಂ1 ಎಂಬ ಕೋವಿ; ಮೇಜಿನ ಮೇಲಿದ್ದದ್ದು ಅದರ ಗಿಡ್ಡ ರೂಪ. ಗಂಡ ನಲವತ್ತು ವರ್ಷ ಆ ಮಾತನ್ನು ನಂಬಿ ಅದನ್ನು ಎಣ್ಣೆ ಹಚ್ಚಿ ಕಾಪಾಡಿದ್ದರು. ನಾನು ಜಾಲಹಳ್ಳಿಯ ಎಚ್‌ಎಂಟಿಯ ಟೂಲ್‌ರೂಮಿನಲ್ಲಿ ದುಡಿದವನು ಎಂದು ಮಗಳು ಯಾವಾಗಲೋ ಹೇಳಿದ್ದಳು. ಕಬ್ಬಿಣವನ್ನು ಓದಬಲ್ಲವರು ಒಮ್ಮೆ ನೋಡಲಿ ಎಂಬುದು ಅಜ್ಜಿಯ ಆಸೆ.

ಆ ಸಂಜೆ ನಾನು ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಹಳೆಯ ಯಂತ್ರಗಳ ಹುಚ್ಚಿರುವವರು ಸಾಕಷ್ಟು ಮಂದಿ ಇದ್ದಾರೆ. ಹರಾಜಿನಲ್ಲೋ ನೆರೆಮನೆಯಲ್ಲೋ ಇಂಥದ್ದೊಂದು ಎದುರಾದರೆ ಎಲ್ಲಿಂದ ನೋಡಲು ಶುರುಮಾಡಬೇಕು ಎಂಬುದು ಅವರಿಗೆ ತಿಳಿದಿರಲಿ. ಇದು ನೋಡಿ ಗುರುತಿಸುವ ವಿದ್ಯೆ ಮಾತ್ರ. ನಳಿಗೆ ಕತ್ತರಿಸುವ ಮಾತು ಇಲ್ಲಿಲ್ಲ.

ಮೊದಲು ಕಾನೂನು, ಯಾಕೆಂದರೆ ಕೈ ಮುಟ್ಟುವುದಕ್ಕೂ ಮುಂಚೆ ಅದು ಬರುತ್ತದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ನಿಷೇಧಿಸುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಅದರ ಮೇಲೆ ರಾಜ್ಯದ ಪರವಾನಗಿಯೂ ಬೇಕು. ಆದ್ದರಿಂದ ಅಂದು ಕೋವಿಯನ್ನು ಎತ್ತಿದ್ದು, ತೆರೆದದ್ದು, ಬಿಚ್ಚಿದ್ದು ಎಲ್ಲವೂ ಪರವಾನಗಿ ಇರುವ ಅಜ್ಜಿಯ ಮಗ. ನನ್ನ ಕೈಯಲ್ಲಿದ್ದದ್ದು ಟಾರ್ಚು, ಭೂತಗನ್ನಡಿ, ಅಳತೆಪಟ್ಟಿ ಮತ್ತು ಒಂದು ನೋಟುಪುಸ್ತಕ. ನೋಡಲು ಅಷ್ಟು ಧಾರಾಳವಾಗಿ ಸಾಕಾಯಿತು.

ಎರಡನೆಯದು, ಕೋವಿ ಖಾಲಿಯೇ ಎಂದು ಕಣ್ಣಾರೆ ಕಾಣುವುದು. ಬಲಬದಿಯಲ್ಲಿರುವ ಆಪರೇಟಿಂಗ್ ರಾಡಿನ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದರೆ ಖಾಲಿ ಗ್ಯಾರಂಡ್ ತೆರೆದೇ ನಿಲ್ಲುತ್ತದೆ. ಒಳಗೆ ಟಾರ್ಚು ಬಿಟ್ಟು ನಳಿಗೆಯ ಹಿಂಬದಿಯ ಬಾಯನ್ನೂ ತೋಟಾ ಕೂರುವ ಗುಂಡಿಯನ್ನೂ ಇಬ್ಬರು ನೋಡಬೇಕು. ಮುಚ್ಚುವಾಗ ಎಚ್ಚರ: ಬಲ ಅಂಗೈಯ ಅಂಚಿನಿಂದ ಹಿಡಿಯನ್ನು ತಡೆದುಕೊಂಡೇ ಹೆಬ್ಬೆರಳಿನಿಂದ ಒಳಗಿನ ಫಾಲೋವರ್ ಅನ್ನು, ಅಂದರೆ ತೋಟಾಗಳನ್ನು ಮೇಲಕ್ಕೆ ತಳ್ಳುವ ತಟ್ಟೆಯನ್ನು, ಅದುಮಿ, ಬೆರಳನ್ನು ಹೊರಗೆ ತೆಗೆದ ಮೇಲೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಬಿಡಬೇಕು. ತಡೆಯದೆ ಬಿಟ್ಟರೆ ಹೆಬ್ಬೆರಳು ಜಜ್ಜಿಹೋಗುತ್ತದೆ. ಆ ಗಾಯಕ್ಕೆ ಅಮೆರಿಕದ ಸೈನಿಕರು ಕೋವಿಯ ಹೆಸರನ್ನೇ ಇಟ್ಟು 'ಎಂ1 ಹೆಬ್ಬೆರಳು' ಎಂದು ಕರೆದರು.

ಇನ್ನು ಹೆಸರಿನ ಗೊಂದಲ. ಗಿಡ್ಡ ಕೋವಿಗೆ ಕಾರ್ಬೈನ್ ಎನ್ನುವುದು ವಾಡಿಕೆ. ನಮ್ಮ ಪತ್ರಿಕೆಗಳಲ್ಲಿ 'ಕಾರ್ಬೈನ್' ಎಂದು ಓದಿದಾಗ ಮನಸ್ಸಿಗೆ ಬರುವುದು ಪೊಲೀಸರ ಹೆಗಲಲ್ಲಿ ನೇತಾಡುವ, ಕಾನ್ಪುರದಲ್ಲಿ ತಯಾರಾದ 9 ಮಿ.ಮೀ. ಕಾರ್ಬೈನ್. ಅದು ಪಿಸ್ತೂಲಿನ ತೋಟಾ ಹಾರಿಸುವ ಬೇರೆಯೇ ಜಾತಿ. ಅಮೆರಿಕದಲ್ಲಿ 'ಎಂ1 ಕಾರ್ಬೈನ್' ಎಂಬ ಇನ್ನೊಂದಿದೆ. ಹೆಸರಿನಲ್ಲಿ ಎಂ1 ಇದ್ದ ಮಾತ್ರಕ್ಕೆ ಅದನ್ನು ಗ್ಯಾರಂಡಿನ ತಮ್ಮ ಎಂದು ಬಹಳ ಜನ ತಿಳಿಯುತ್ತಾರೆ. ಅಲ್ಲ. ಅದು ಹಗುರವಾದ, ತನ್ನದೇ ಸಣ್ಣ ತೋಟಾ ಇರುವ, ಕೆಳಗೆ ಮ್ಯಾಗಜೀನ್ ಪೆಟ್ಟಿಗೆ ಚಾಚಿಕೊಂಡಿರುವ ಕೋವಿ. ಗ್ಯಾರಂಡಿಗೆ ಕೆಳಗೆ ಏನೂ ಚಾಚಿರುವುದಿಲ್ಲ. ಎಂಟು ತೋಟಾಗಳನ್ನು ಕಚ್ಚಿಹಿಡಿದ ಉಕ್ಕಿನ ಕ್ಲಿಪ್ಪು ಇಡಿಯಾಗಿ ಮೇಲಿನಿಂದ ಒಳಗೆ ಹೋಗುತ್ತದೆ, ಕೊನೆಯ ತೋಟಾ ಹಾರಿದಾಗ 'ಠಿಣ್' ಎಂದು ಹೊರಗೆ ಚಿಮ್ಮುತ್ತದೆ. ನಾವು ನೋಡಬೇಕಾದದ್ದು ಈ ದೊಡ್ಡ ಕೋವಿಯ ಗಿಡ್ಡ ರೂಪವನ್ನು.

ಈ ಗಿಡ್ಡ ರೂಪದ ನಿಜವಾದ ಕಥೆ ಸಣ್ಣದು. ಆದರೆ ಅದು ಗೊತ್ತಿಲ್ಲದಿದ್ದರೆ ಮಾರುವವನ ಕಥೆಯೇ ಗೆಲ್ಲುತ್ತದೆ. ಜಾನ್ ಗ್ಯಾರಂಡ್ 1888ರಲ್ಲಿ ಕೆನಡಾದ ಕ್ಯುಬೆಕ್‌ನಲ್ಲಿ ಹುಟ್ಟಿದವರು. ಬಟ್ಟೆ ಗಿರಣಿಯಲ್ಲಿ ದುಡಿದು, ಬ್ರೌನ್ ಆಂಡ್ ಶಾರ್ಪ್ ಕಂಪನಿಯಲ್ಲಿ ಯಂತ್ರಕೆಲಸ ಮಾಡಿ, ಕೊನೆಗೆ ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಶಸ್ತ್ರಾಗಾರಕ್ಕೆ ಬಂದರು. ನನ್ನ ಮೊದಲ ಮೈಕ್ರೋಮೀಟರಿನ ಮೇಲೆ ಕೆತ್ತಿದ್ದದ್ದು ಅದೇ ಬ್ರೌನ್ ಆಂಡ್ ಶಾರ್ಪ್ ಹೆಸರು. ಆದ್ದರಿಂದ ಅವರ ಬಗ್ಗೆ ಓದುವಾಗ ನಮ್ಮ ಖಾತೆಯವರೇ ಒಬ್ಬರ ವಿಷಯ ಓದಿದಂತೆ ಆಗುತ್ತದೆ. ಅವರ ಕೋವಿ 1936ರಲ್ಲಿ ಅಮೆರಿಕದ ಸೇನೆಗೆ ಸೇರಿತು. ಪೇಟೆಂಟಿನ ಹಕ್ಕುಗಳನ್ನು ಅವರು ಸರ್ಕಾರಕ್ಕೇ ಬಿಟ್ಟುಕೊಟ್ಟರು. ಲಕ್ಷಗಟ್ಟಲೆ ತಯಾರಾದ ಕೋವಿಗಳಿಂದ ಅವರಿಗೆ ರಾಯಧನವಾಗಿ ಬಿಡಿಗಾಸೂ ಬರಲಿಲ್ಲ.

ಮೂಲ ಗ್ಯಾರಂಡಿನ ಉದ್ದ ನಲವತ್ಮೂರೂವರೆ ಇಂಚು, ನಳಿಗೆ 24 ಇಂಚು, ತೂಕ ನಾಲ್ಕು ಕಿಲೋಗಿಂತ ತುಸು ಹೆಚ್ಚು. ವಿಮಾನದಿಂದ ಹಾರುವ ಪ್ಯಾರಾಟ್ರೂಪರುಗಳಿಗೆ ಈ ಉದ್ದ ತೊಡಕಾಗಿತ್ತು. 1944ರಲ್ಲಿ ಗ್ಯಾರಂಡ್ ತಾವೇ ಇದನ್ನು 18 ಇಂಚಿನ ನಳಿಗೆಗೆ ಇಳಿಸಿ, ಹಿಂಬದಿಗೆ ಮಡಚುವ ಲೋಹದ ಚೌಕಟ್ಟು ಕೂರಿಸಿದರು. ಅದೇ ಎಂ1ಇ5. ಪರೀಕ್ಷೆಯಲ್ಲಿ ಒಂದು ದೂರು ಗಟ್ಟಿಯಾಗಿ ಬಂತು: ನಳಿಗೆಯ ಬಾಯಲ್ಲಿ ಬೆಂಕಿಯೂ ಸದ್ದೂ ಮಿತಿಮೀರಿದೆ. ಅದಕ್ಕೆ ಕಾರಣ ಸರಳ. ನಳಿಗೆ ಗಿಡ್ಡವಾದಷ್ಟೂ ಮದ್ದಿನ ಬಿಸಿ ಅನಿಲ ಹೆಚ್ಚು ಒತ್ತಡದಲ್ಲಿ ಬಾಯಿಂದ ನುಗ್ಗುತ್ತದೆ. ಅದು ಹೊರಗೆ ಬಂದು ಗಾಳಿಯಲ್ಲಿ ಉರಿಯುತ್ತದೆ. ಮಾದರಿ ಅಲ್ಲಿಗೇ ನಿಂತಿತು. ಅದು ಈಗ ಸ್ಪ್ರಿಂಗ್‌ಫೀಲ್ಡಿನ ವಸ್ತುಸಂಗ್ರಹದಲ್ಲಿದೆ.

ಅಷ್ಟರಲ್ಲಿ ಪೆಸಿಫಿಕ್ ದ್ವೀಪಗಳ ಕಾಡಿನಲ್ಲಿ ಹೋರಾಡುತ್ತಿದ್ದ ಸೇನೆಯೂ ಗಿಡ್ಡ ಕೋವಿ ಬೇಕೆಂದು ಕೇಳಿತು. ಅಲ್ಲಿನ ಆರನೆಯ ಸೇನೆಯ ಕಾರ್ಯಾಗಾರದಲ್ಲಿ ಸುಮಾರು 150 ಕೋವಿಗಳನ್ನು ತಾವೇ ತುಂಡುಮಾಡಿಕೊಂಡರು. ಸ್ಪ್ರಿಂಗ್‌ಫೀಲ್ಡಿನಲ್ಲಿ 18 ಇಂಚಿನ ನಳಿಗೆಯನ್ನು ಮಾಮೂಲಿ ಮರದ ಹಿಂಬದಿಯ ಜೊತೆ ಸೇರಿಸಿ ಟಿ26 ಎಂದು ಹೆಸರಿಟ್ಟು, 1945ರ ಜುಲೈನಲ್ಲಿ 15,000 ಕೋವಿಗಳಿಗೆ ಆದೇಶವಾಯಿತು. ಆಗಸ್ಟಿನಲ್ಲಿ ಜಪಾನ್ ಶರಣಾಯಿತು, ಆದೇಶ ರದ್ದಾಯಿತು.

ಇಷ್ಟೇ. ಇದರಲ್ಲಿ ಟ್ಯಾಂಕು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. 'ಟ್ಯಾಂಕರ್' ಎಂದರೆ ನಮಗೆ ನೀರಿನ ಲಾರಿ, ಅವರಿಗೆ ಟ್ಯಾಂಕಿನೊಳಗಿನ ಸೈನಿಕ; ಆ ಸೈನಿಕನಿಗೆ ಈ ಕೋವಿಯನ್ನು ಯಾರೂ ಕೊಡಲಿಲ್ಲ. ಆ ಹೆಸರು 1960ರ ದಶಕದ ವ್ಯಾಪಾರಿಗಳದು. ಸೇನೆ ನಿರುಪಯುಕ್ತವೆಂದು ಕತ್ತರಿಸಿ ಗುಜರಿಗೆ ಹಾಕಿದ ಗ್ಯಾರಂಡ್‌ಗಳನ್ನು ಕೊಂಡು, ತುಂಡುಗಳನ್ನು ಬೆಸೆದು, ನಳಿಗೆ ಗಿಡ್ಡಮಾಡಿ ಮಾರಿದರು. ಹೆಸರು ಆಕರ್ಷಕವಾಗಿತ್ತು, ಅಂಟಿಕೊಂಡಿತು. ಹಾಗಾಗಿ ಯಾವ ಗಿಡ್ಡ ಗ್ಯಾರಂಡ್ ಎದುರಾದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರ ರಿಸೀವರ್ ಒಂದೇ ತುಂಡೋ, ಎರಡೋ?

ರಿಸೀವರ್ ಎಂದರೆ ನಡುವಿನ ಉಕ್ಕಿನ ಗೂಡು. ಮುಂದೆ ನಳಿಗೆ ಅದಕ್ಕೆ ತಿರುಪಿನಿಂದ ಕೂರುತ್ತದೆ, ಒಳಗೆ ಬೋಲ್ಟು ಓಡಾಡುತ್ತದೆ, ಹಿಂದೆ ಗುರಿಕಿಂಡಿ ಇರುತ್ತದೆ. ಕೋವಿ ಸಿಡಿದಾಗಿನ ಒತ್ತಡವನ್ನೆಲ್ಲ ಹೊರುವುದು ಇದೇ. ಇದರ ಉಕ್ಕು ಹೊರಗೆ ಗಡಸು, ಒಳಗೆ ಮೆದು ಆಗಿರುವಂತೆ ಹದಮಾಡಿದ್ದು. ಗಡಸು ಮೇಲ್ಮೈ ಸವೆತವನ್ನು ತಡೆಯುತ್ತದೆ, ಮೆದು ಒಡಲು ಪೆಟ್ಟನ್ನು ನುಂಗುತ್ತದೆ. ಟೂಲ್‌ರೂಮಿನಲ್ಲಿ ಇಂಥ ಹದಮಾಡಿದ ಒಂದು ಅಚ್ಚಿಗೆ ಹುಡುಗನೊಬ್ಬ ಬೆಸುಗೆ ಹಾಕಿದಾಗ ನಮ್ಮ ಫೋರ್‌ಮನ್ ಊಟ ಬಿಟ್ಟು ಕೂತಿದ್ದರು. ಬೆಸುಗೆಯ ಶಾಖ ತಾಗಿದಲ್ಲೆಲ್ಲ ಹದ ಕೆಡುತ್ತದೆ, ಮತ್ತೆ ಸರಿಯಾಗಿ ಹದಮಾಡದಿದ್ದರೆ ಆ ಉಕ್ಕನ್ನು ನಂಬಲಾಗದು. ಅಚ್ಚಾದರೆ ಕೆಲಸ ಕೆಡುತ್ತದೆ. ಇದಾದರೆ ಹಾರಿಸುವವನ ಕೆನ್ನೆ ಅದರಿಂದ ನಾಲ್ಕು ಬೆರಳು ದೂರದಲ್ಲಿರುತ್ತದೆ.

ನೋಡುವ ರೀತಿ ಹೀಗೆ. ಮರದ ಭಾಗವನ್ನು ಬೇರ್ಪಡಿಸಿ. ಗ್ಯಾರಂಡಿನಲ್ಲಿ ಟ್ರಿಗರಿನ ಕಾಪನ್ನು ಕೆಳಕ್ಕೆ ಎಳೆದರೆ ಟ್ರಿಗರ್ ಗುಂಪು ಹೊರಬರುತ್ತದೆ, ಮರವೂ ಕಳಚಿಕೊಳ್ಳುತ್ತದೆ. ಯಾವ ಉಪಕರಣವೂ ಬೇಡ. ಮರದ ಮರೆಯಲ್ಲಿದ್ದ ಭಾಗವೇ ಹೆಚ್ಚು ಮಾತಾಡುತ್ತದೆ, ಯಾಕೆಂದರೆ ಮೇಲೆ ಕಾಣುವ ಕಡೆಯನ್ನು ಅರದಿಂದ ನಯಮಾಡಿ ಮುಚ್ಚಿರುತ್ತಾರೆ. ದೀಪವನ್ನು ನೇರವಾಗಿ ಬಿಡಬೇಡಿ. ಬಲ್ಬು ಉಕ್ಕಿನ ಮಟ್ಟಕ್ಕೇ ಇರುವಂತೆ, ಬೆಳಕು ಮೈಯನ್ನು ಸವರಿಕೊಂಡು ಹೋಗುವಂತೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಆಗ ಕೂದಲೆಳೆಯಷ್ಟು ತಗ್ಗುದಿಣ್ಣೆಯೂ ನೆರಳು ಚೆಲ್ಲುತ್ತದೆ. ರಿಸೀವರಿನ ಎರಡೂ ಕಡೆಯ ಉದ್ದನೆಯ ಕಂಬಿಗಳ ನಡುಭಾಗವನ್ನು ಹೀಗೆ ನೋಡುತ್ತ ಬನ್ನಿ. ಬೆಸುಗೆ ಇದ್ದಲ್ಲಿ ಸಾಮಾನ್ಯವಾಗಿ ಮೂರು ಗುರುತುಗಳಲ್ಲಿ ಒಂದಾದರೂ ಸಿಗುತ್ತದೆ: ಫಾಸ್ಫೇಟ್ ಲೇಪದ ಬೂದುಬಣ್ಣ ಅಲ್ಲಿ ಬೇರೆ ಛಾಯೆಗೆ ತಿರುಗಿರುತ್ತದೆ, ಸೂಜಿಮೊನೆಯಂಥ ಸಣ್ಣ ರಂಧ್ರಗಳಿರುತ್ತವೆ, ಅಥವಾ ಮೂಲದ ಮಿಲ್ಲಿಂಗ್ (ಯಂತ್ರದ ಕೊರೆತದ) ಗೆರೆಗಳು ಒಂದು ಕಡೆ ನಿಂತು, ಅರದ ಅಡ್ಡಾದಿಡ್ಡಿ ಗೆರೆಗಳು ಶುರುವಾಗಿರುತ್ತವೆ.

ಅಜ್ಜಿಯ ಕೋವಿಯಲ್ಲಿ ಎಡಕಂಬಿ ಬಹಳ ಚೆನ್ನಾಗಿತ್ತು. ಬೆಸೆದವನು ಕೈ ಪಳಗಿದವನೇ, ಸಂಶಯವಿಲ್ಲ. ಬಲಗಡೆ ಒಳಮೈಯಲ್ಲಿ ಮಾತ್ರ ಸುಮಾರು ಎರಡು ಮಿಲಿಮೀಟರ್ ಅಗಲದ ಒಂದು ಪಟ್ಟಿ, ಒಣಗಿದ ಹುಣಸೆಸಿಪ್ಪೆಯ ಬಣ್ಣದ್ದು, ಅಡ್ಡಲಾಗಿ ಹಾದುಹೋಗಿತ್ತು. ಭೂತಗನ್ನಡಿ ಇಟ್ಟಾಗ ಅದರಲ್ಲಿ ನಾಲ್ಕು ರಂಧ್ರಗಳು ಕಂಡವು. ನನ್ನ ಎದೆ ಭಾರವಾಯಿತು. ಮಗಳು ಮೆಲ್ಲಗೆ ಕನ್ನಡದಲ್ಲಿ, "ಅಪ್ಪ, ಏನು ಕಂಡಿತೋ ಅದನ್ನು ಒಮ್ಮೆಲೇ ಹೇಳಬೇಡಿ, ಪೂರ್ತಿ ನೋಡಿ ಆಮೇಲೆ ಹೇಳಿ" ಎಂದಳು. "ಹೌದಮ್ಮ, ಇನ್ನೊಂದು ಸಾಕ್ಷಿ ಸಿಗುವವರೆಗೆ ನಾನೂ ಹೇಳುವುದಿಲ್ಲ" ಎಂದೆ. ಒಂದೇ ಗುರುತಿನ ಮೇಲೆ ತೀರ್ಪು ಕೊಡಬಾರದು ಎಂಬುದು ಟೂಲ್‌ರೂಮಿನ ಪಾಠವೂ ಹೌದು.

ಎರಡನೆಯ ಸಾಕ್ಷಿ ಅಂಕಿಗಳು. ರಿಸೀವರಿನ ಹಿಂತುದಿಯ ಮೇಲೆ, ಗುರಿಕಿಂಡಿಯ ಹಿಂದೆ, ಕೋವಿಯ ಹೆಸರು, ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ ಕೆತ್ತಿರುತ್ತದೆ. ಇದನ್ನು ಎಲ್ಲರೂ ನೋಡುತ್ತಾರೆ. ಯಾರೂ ನೋಡದ ಇನ್ನೊಂದು ಅಂಕಿ ರಿಸೀವರಿನ ಮುಂಭಾಗದ ಬಲಗಾಲಿನ ಮೇಲಿರುತ್ತದೆ. ಅದು ಆ ಭಾಗವನ್ನು ತಯಾರಿಸಲು ಬಳಸಿದ ನಕ್ಷೆಯ ಸಂಖ್ಯೆ. ಯುದ್ಧಕಾಲದ ರಿಸೀವರಿನಲ್ಲಿ ಅದು ಡಿ28291 ಎಂಬ ಐದಂಕಿಯದು. 1950ರ ದಶಕದಲ್ಲಿ ಮತ್ತೆ ತಯಾರಿಕೆ ಶುರುವಾದಾಗ 6528291 ಎಂಬ ಏಳಂಕಿಯದಾಯಿತು. ಹಿಂದಿನ ಕ್ರಮಸಂಖ್ಯೆ ಯುದ್ಧಕಾಲದ್ದಾಗಿದ್ದು ಮುಂದಿನ ನಕ್ಷೆಸಂಖ್ಯೆ ಏಳಂಕಿಯದಾಗಿದ್ದರೆ ತಲೆ ಒಂದರದು, ಮುಂಡ ಇನ್ನೊಂದರದು. ನಮ್ಮ ಮುಂದಿದ್ದದ್ದು ಹಾಗೆಯೇ ಇತ್ತು: ಹಿಂದೆ 1943ರ ಕಾಲದ ಕ್ರಮಸಂಖ್ಯೆ, ಮುಂದೆ ಏಳಂಕಿಯ ನಕ್ಷೆ.

ಮೂರನೆಯದು ನಳಿಗೆ. ಹಿಡಿಯನ್ನು ಹಿಂದಕ್ಕೆ ಎಳೆದಾಗ ರಿಸೀವರಿನ ಮುಂದೆ ನಳಿಗೆಯ ಬಲಮೈ ಕಾಣುತ್ತದೆ. ಸೇನೆಯ ನಳಿಗೆಗಳ ಮೇಲೆ ಅಲ್ಲಿ ತಿಂಗಳು, ಇಸವಿ ಒತ್ತಿರುವುದು ರೂಢಿ. ಇದರ ಮೇಲೆ 2-54 ಎಂದಿತ್ತು, ಅಂದರೆ 1954ರ ಫೆಬ್ರವರಿ. ನಳಿಗೆ ಬದಲಾಗುವುದು ಸಹಜ, ಅದೊಂದೇ ಆಗಿದ್ದರೆ ನಾನು ಲಕ್ಷಿಸುತ್ತಿರಲಿಲ್ಲ. ಉಳಿದೆರಡರ ಜೊತೆ ಸೇರಿದಾಗ ಮಾತು ಮುಗಿಯಿತು.

ಉದ್ದ ಅಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಹೊರಗೆ ಕಾಣುವಷ್ಟನ್ನೇ ಅಳೆದು ತಪ್ಪುತ್ತಾರೆ. ನಳಿಗೆಯ ಒಂದಷ್ಟು ಭಾಗ ರಿಸೀವರಿನ ಒಳಗಿದೆ. ಖಾಲಿ ಕೋವಿಯ ಬೋಲ್ಟನ್ನು ಮುಚ್ಚಿ, ಮುಂದಿನ ಬಾಯಿಂದ ಒಂದು ಮರದ ಕಡ್ಡಿಯನ್ನು ಬೋಲ್ಟಿನ ಮುಖ ಮುಟ್ಟುವವರೆಗೆ ಬಿಡಿ. ನಳಿಗೆಯ ಬಾಯಿಗೆ ಸಮನಾಗಿ ಕಡ್ಡಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಹೊರತೆಗೆದು ಅಳೆಯಿರಿ. ಗಿಡ್ಡ ಗ್ಯಾರಂಡಿನಲ್ಲಿ 18 ಇಂಚಿನ ಸುತ್ತಮುತ್ತ ಬರಬೇಕು. ಈಚೆಗೆ ಬಂದೂಕು ಕುಶಲಿಗರು ಮಾಡಿಕೊಡುವ, 16 ಇಂಚಿಗೆ ತುಸು ಮೇಲಿರುವ 'ಮಿನಿ' ರೂಪಗಳೂ ಇವೆ. 16 ಇಂಚಿಗಿಂತ ಕಡಿಮೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅಂಥ ರೈಫಲನ್ನು 1934ರ ರಾಷ್ಟ್ರೀಯ ಕಾನೂನಿನ ಪ್ರಕಾರ ನೋಂದಾಯಿಸದೆ ಇಟ್ಟುಕೊಳ್ಳುವುದು ದೊಡ್ಡ ಅಪರಾಧ. ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೂ ಹಾಗೆಯೇ.

ಆಪರೇಟಿಂಗ್ ರಾಡ್ ನನಗೆ ಅತ್ಯಂತ ಇಷ್ಟವಾದ ಭಾಗ, ಅತ್ಯಂತ ಭಯ ಹುಟ್ಟಿಸಿದ ಭಾಗವೂ ಅದೇ. ನಳಿಗೆಯ ತುದಿಯ ಬಳಿ ಒಂದು ಸಣ್ಣ ರಂಧ್ರದಿಂದ ಅನಿಲ ಸಿಲಿಂಡರಿಗೆ ಇಳಿದು ಈ ರಾಡನ್ನು ಹಿಂದಕ್ಕೆ ತಳ್ಳುತ್ತದೆ. ರಾಡು ಬೋಲ್ಟನ್ನು ತಿರುಗಿಸಿ ತೆರೆಯುತ್ತದೆ. ಆರು ಇಂಚು ನಳಿಗೆ ಹೋದ ಮೇಲೆ ರಾಡಿನಲ್ಲೂ ಅಷ್ಟೇ ಹೋಗಬೇಕು. ಅಂದರೆ ಅದರ ಟೊಳ್ಳು ಕೊಳವೆಯನ್ನು ಕತ್ತರಿಸಿ ಮತ್ತೆ ಸೇರಿಸಿರುತ್ತಾರೆ. ಜೊತೆಗೆ ಅನಿಲ ತೆಗೆಯುವ ಜಾಗ ತೋಟಾಕ್ಕೆ ಹತ್ತಿರ ಬಂದದ್ದರಿಂದ ಅಲ್ಲಿ ಒತ್ತಡ ಹೆಚ್ಚು. ರಂಧ್ರದ ಅಳತೆ ತಪ್ಪಿದ್ದರೆ ರಾಡಿನ ಮೇಲೆ ಬೀಳುವ ಪೆಟ್ಟು ಲೆಕ್ಕ ಮೀರುತ್ತದೆ. ರಾಡನ್ನು ಹೊರತೆಗೆದಾಗ ಎರಡು ವಿಷಯ ನೆನಪಿಡಿ. ಕಾರ್ಖಾನೆಯ ರಾಡಿನಲ್ಲೂ ಕೊಳವೆಯ ಎರಡು ತುದಿಗಳಲ್ಲಿ ಬೆಸುಗೆ ಇರುತ್ತದೆ, ಅದು ದೋಷವಲ್ಲ. ನಡುವೆ ಮೂರನೆಯದು ಕಂಡರೆ ಅದು ಗಿಡ್ಡ ಮಾಡಿದವನ ಕೈಕೆಲಸ. ಹಾಗೆಯೇ ರಾಡು ಬಾಗಿದೆಯಲ್ಲ ಎಂದು ಯಾರೂ ಅದನ್ನು ನೆಟ್ಟಗೆ ಮಾಡಲು ಹೋಗಬಾರದು. ನಳಿಗೆಯನ್ನು ತಪ್ಪಿಸಿಕೊಂಡು ಹೋಗಲೆಂದೇ ಆ ಬಾಗು ಕೊಟ್ಟಿರುತ್ತಾರೆ. ನಮ್ಮ ಮುಂದಿದ್ದ ರಾಡಿನ ಮೂರನೆಯ ಬೆಸುಗೆಯ ಪಕ್ಕದಲ್ಲೇ ಉಗುರಿಗೆ ತಾಗುವ ಒಂದು ಸೀಳು ಇತ್ತು. ಅಜ್ಜಿಯ ಮಗನ ಉಗುರಿಗೇ ಅದನ್ನು ತಾಗಿಸಿ ತೋರಿಸಿದೆ. ಅವನು ಕೋವಿಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಬೆಸೆದ ರಿಸೀವರ್ ಎಂದು ಗೊತ್ತಾದ ಕೋವಿಯನ್ನು ಹಾರಿಸಬೇಡಿ. ಇಷ್ಟು ವರ್ಷ ಏನೂ ಆಗಿಲ್ಲ ಎಂಬ ಮಾತಿಗೆ ಲೋಹದ ವಿಷಯದಲ್ಲಿ ಬೆಲೆಯಿಲ್ಲ, ಸೀಳು ಸದ್ದಿಲ್ಲದೆ ಬೆಳೆಯುತ್ತದೆ. ಗ್ಯಾರಂಡ್ ಬಲ್ಲ ಬಂದೂಕು ಕುಶಲಿಗನೊಬ್ಬ ಬೋಲ್ಟಿನ ಎರಡೂ ಕಿವಿಗಳು ಸಮನಾಗಿ ಕೂರುತ್ತವೆಯೇ, ತೋಟಾದ ಗುಂಡಿಯ ಅಳತೆ ಗೇಜಿಗೆ ಸರಿಹೊಂದುತ್ತದೆಯೇ ಎಂದು ನೋಡಿ ಬರೆದುಕೊಟ್ಟರೂ ನಾನಂತೂ ಒಪ್ಪುವುದಿಲ್ಲ.

ಇಡೀ ರಿಸೀವರಿನ ಮೇಲೆ ಪ್ರಾಮಾಣಿಕವಾಗಿ ಕಟ್ಟಿದ ಗಿಡ್ಡ ಗ್ಯಾರಂಡ್ ಬೇರೆ ವಿಷಯ. ಅದನ್ನು ಕಟ್ಟಿದವರು ಯಾರು, ಯಾವಾಗ ಎಂದು ಕಾಗದವಿದ್ದರೆ ಅದಕ್ಕೆ ಅದರದೇ ಮರ್ಯಾದೆ ಇದೆ. ಅಂಥದ್ದನ್ನು ಮೈದಾನದಲ್ಲಿ ಹಾರಿಸುವ ಗೆಳೆಯರಿಗೆ ಒಂದು ಲೆಕ್ಕ ಹೇಳುತ್ತೇನೆ. ಮೂಲ ಕೋವಿಯಲ್ಲಿ ಹಿಂದಿನ ಗುರಿಕಿಂಡಿಗೂ ಮುಂದಿನ ಗುರಿಮೊನೆಗೂ ಇರುವ ಅಂತರ ಸುಮಾರು 28 ಇಂಚು. ಆರು ಇಂಚು ಕಳೆದರೆ 22. ಹಿಂದಿನ ಗುರಿಕಿಂಡಿಯ ತಿರುಗಣೆಯನ್ನು ಒಂದು ಕ್ಲಿಕ್ ತಿರುಗಿಸಿದರೆ ಉದ್ದ ಕೋವಿಯಲ್ಲಿ ನೂರು ಗಜ ದೂರದಲ್ಲಿ ಗುಂಡು ಒಂದಿಂಚಿನಷ್ಟು ಸರಿಯುತ್ತದೆ. ಗಿಡ್ಡದರಲ್ಲಿ ಅದೇ ಕ್ಲಿಕ್ ಒಂದೂಕಾಲು ಇಂಚು ಸರಿಸುತ್ತದೆ. ಹಳೆಯ ಕೈಪಿಡಿಯ ಕ್ಲಿಕ್ ಎಣಿಕೆ ಇಲ್ಲಿ ಹೊಂದುವುದಿಲ್ಲ. ಕಿವಿಗೆ ಒಳಗೊಂದು, ಹೊರಗೊಂದು ಎರಡು ರಕ್ಷಣೆ ಹಾಕಿಕೊಳ್ಳಿ. 1944ರಲ್ಲಿ ಬಂದ ದೂರು ಇಂದಿಗೂ ನಿಜ.

ಸಾಧ್ಯವಾದವರು ಸ್ಪ್ರಿಂಗ್‌ಫೀಲ್ಡಿನ ಗುಡ್ಡದ ಮೇಲಿರುವ ಹಳೆಯ ಶಸ್ತ್ರಾಗಾರಕ್ಕೂ ಹೋಗಿಬನ್ನಿ. 1968ರಲ್ಲಿ ಮುಚ್ಚಿದ ಆ ಕಾರ್ಖಾನೆ ಈಗ ರಾಷ್ಟ್ರೀಯ ಐತಿಹಾಸಿಕ ತಾಣ, ಪ್ರವೇಶಕ್ಕೆ ಶುಲ್ಕವಿಲ್ಲ. ಮೂಲ ಗ್ಯಾರಂಡಿನ ಮೈ ಹೇಗಿರುತ್ತದೆ ಎಂದು ಅಲ್ಲಿ ಕಣ್ಣು ತುಂಬಿಸಿಕೊಂಡ ಮೇಲೆ ಬೆಸೆದದ್ದು ತಾನಾಗಿಯೇ ಬೇರೆಯಾಗಿ ಕಾಣತೊಡಗುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗಳಿಗೆ ಹೂವಿಟ್ಟು ಪೂಜಿಸುವುದನ್ನು ಗೆಳೆಯರ ಮನೆಯಲ್ಲಿ ನೋಡಿದ್ದೇನೆ. ಆ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗ ನನಗೆ ಅದೇ ಭಾವ ಬಂತು.

ಕೊನೆಯ ಕೆಲಸ, ಕಂಡದ್ದನ್ನು ಬರೆದಿಡುವುದು. ಅಂಗೈ ಅಗಲದ ಗಟ್ಟಿ ಕಾಗದದ ಮೇಲೆ ಕ್ರಮಸಂಖ್ಯೆ, ನಕ್ಷೆಸಂಖ್ಯೆ, ನಳಿಗೆಯ ತಾರೀಕು, ಅಳತೆ, ಬೆಸುಗೆ ಎಲ್ಲಿದೆ, ನೋಡಿದ ದಿನ ಇಷ್ಟನ್ನು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ 'ಹಾರಿಸಬಾರದು' ಎಂದು ಸೇರಿಸಿ, ಟ್ರಿಗರಿನ ಕಾಪಿಗೆ ದಾರದಿಂದ ಕಟ್ಟಿಬಿಡಿ. ಮುಂದೆ ಅದು ಯಾರ ಕೈಗೆ ಹೋದರೂ ಆ ಚೀಟಿ ಜೊತೆಗೆ ಹೋಗಬೇಕು. ಅಜ್ಜಿಗೆ ನಾನು ಎಲ್ಲವನ್ನೂ ಹೇಳಿದೆ, ಮಗಳು ನಿಧಾನವಾಗಿ ಬಿಡಿಸಿ ತಿಳಿಸಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಡ ಈ ಕೋವಿಯನ್ನು ಎಂದಾದರೂ ಹಾರಿಸಿದ್ದರೇ ಎಂದು ಮಗನನ್ನು ಕೇಳಿದರು. ಪ್ರತಿ ವರ್ಷ ತನ್ನ ಹುಟ್ಟುಹಬ್ಬಕ್ಕೆ ಎಂಟು ತೋಟಾ, ಎಂದ ಮಗ. ಆಮೇಲೆ ಅಜ್ಜಿಯೇ ಕೆಂಪು ಪೆನ್ನು ಹುಡುಕಿ ತಂದುಕೊಟ್ಟರು.